ಅಕ್ಷಿಪಟಲ ಕಳಚುವ ಮುನ್ನ

ಕಣ್ಣುಗೋಳದ ಒಳಭಿತ್ತಿಗೆ ಅಂಟಿಕೊಂಡಿದ್ದು, ಕಾಲು ಮಿಲಿಮೀಟರಿನಷ್ಟೇ ದಪ್ಪವಾಗಿದ್ದರೂ ಹೊರಜಗತ್ತಿನ ಬೆಳಕನ್ನೆಲ್ಲ ನರಸಂಕೇತವನ್ನಾಗಿ ಮಾರ್ಪಡಿಸಿ ಮಿದುಳಿಗೆ ಕಳುಹಿಸುವ ಅಕ್ಷಿಪಟಲವು, ಅಂದರೆ ರೆಟಿನಾ, ತನ್ನ ಆಧಾರವನ್ನು ಬಿಟ್ಟು ಕಳಚಿತೆಂದರೆ ದೃಷ್ಟಿಯ ಹಾನಿಗೆ ಹೆಚ್ಚು ಕಾಲ ಹಿಡಿಯುವುದಿಲ್ಲ. ಏಕೆಂದರೆ ಬೆಳಕನ್ನು ಗ್ರಹಿಸುವ ಅದರ ಕೋಶಗಳಿಗೆ ಪೋಷಣೆಯೂ ಪ್ರಾಣವಾಯುವೂ ದೊರೆಯುವುದು ಹಿಂಬದಿಯ ರಕ್ತನಾಳಗಳ ಪದರದಿಂದಲೇ. ವರ್ಷವೊಂದಕ್ಕೆ ಸುಮಾರು 10,000 ಮಂದಿಯಲ್ಲಿ ಒಬ್ಬರಿಗೆ ಒದಗುವ ಈ ವಿಪತ್ತಿನಲ್ಲಿ ನೋವೆಂಬುದೇ ಇರುವುದಿಲ್ಲವಾಗಿ, ಎಷ್ಟೋ ಜನ ನಾಳೆ ನೋಡಿದರಾಯಿತೆಂದು ಸುಮ್ಮನಿದ್ದುಬಿಡುತ್ತಾರೆ.

ಕಣ್ಣಿನ ಒಳಾವಕಾಶವನ್ನು ತುಂಬಿರುವ ಕಾಚಕರಸವು ಸುಮಾರು 4 ಮಿಲಿಲೀಟರಿನಷ್ಟಿದ್ದು, ಬಹುಮಟ್ಟಿಗೆ ನೀರೇ ಆಗಿದ್ದರೂ ಯೌವನದಲ್ಲಿ ಲೋಳೆಯಾಗಿ ಗಟ್ಟಿಗೊಂಡಿರುತ್ತದೆ. ವಯಸ್ಸು ಏರಿದಂತೆ ಅದು ನೀರಾಗುತ್ತ, ಕುಗ್ಗುತ್ತ, ಕಡೆಗೊಂದು ದಿನ ಅಕ್ಷಿಪಟಲದಿಂದ ಬೇರ್ಪಡುತ್ತದೆ. ಹೆಚ್ಚಿನವರಲ್ಲಿ ಇದು ನಿರಪಾಯವಾಗಿಯೇ ಮುಗಿಯುವುದುಂಟು. ಆದರೆ ಎಲ್ಲಿ ಎರಡಕ್ಕೂ ಅಂಟು ಅತಿಯಾಗಿದೆಯೋ ಅಲ್ಲಿ ಸೆಳೆತಕ್ಕೆ ಸಿಕ್ಕಿದ ಪಟಲವು ಕುದುರೆಲಾಳದ ಆಕಾರದಲ್ಲಿ ಹರಿಯುತ್ತದೆ. ಬಿರುಕಿನಲ್ಲಿ ಇಳಿದ ಮಳೆನೀರು ಗೋಡೆಯ ಗಾರೆಯನ್ನು ಉಬ್ಬಿಸಿ ಕಳಚುವಂತೆ, ಆ ಹರಕಿನೊಳಗಿಂದ ನುಸುಳಿದ ದ್ರವವು ಪಟಲವನ್ನು ಹಿಂದಿನಿಂದ ಎಬ್ಬಿಸುತ್ತದೆ. ಸಮೀಪದೃಷ್ಟಿ ಹೆಚ್ಚಾಗಿದ್ದವರಿಗೂ, ಪೊರೆಯ ಶಸ್ತ್ರಕ್ರಿಯೆ ಆದವರಿಗೂ, ಒಂದು ಕಣ್ಣಿನಲ್ಲಿ ಈಗಾಗಲೇ ಕಳಚಿಕೆ ಆದವರಿಗೂ ಈ ಭಯ ಅಧಿಕ.

ಹರಕು ಕಳಚಿಕೆಯ ಫಲವಲ್ಲ, ಕಾರಣ ಎಂಬುದನ್ನು ಪಟ್ಟುಹಿಡಿದು ಸಾಧಿಸಿದವನು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವೈದ್ಯ ಜೂಲ್ ಗೊನಾನ್. ಅವನಿಗೆ ಮುಂಚೆ ರೋಗಿಯನ್ನು ಕಣ್ಣು ಕಟ್ಟಿ ವಾರಗಟ್ಟಲೆ ಮಲಗಿಸುವುದಕ್ಕಿಂತ ಹೆಚ್ಚಿನದೇನೂ ತಿಳಿಯದಿದ್ದ ವೈದ್ಯಲೋಕವು, ಕಾದ ಉಪಕರಣವನ್ನು ಕಣ್ಣಿನ ಹೊರಗೋಡೆಯ ಮೂಲಕ ಚುಚ್ಚಿ ಹರಕನ್ನು ಸುಟ್ಟು ಮುಚ್ಚುವ ಅವನ ವಿಧಾನವನ್ನು ಬಹುಕಾಲ ಸಂದೇಹದಿಂದಲೇ ಕಂಡು, 1929ರ ಆಮ್‌ಸ್ಟರ್‌ಡ್ಯಾಮಿನ ಸಮ್ಮೇಳನದ ಹೊತ್ತಿಗೆ ಒಪ್ಪಿಕೊಂಡಿತು. ಹರಕೇ ಮೂಲವೆಂದಾದ ಮೇಲೆ, ಪಟಲ ಕಳಚುವುದಕ್ಕೆ ಮೊದಲೇ ಅದನ್ನು ಬಂಧಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು. 1945ರ ಜುಲೈ 9ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಅಕ್ಷಿಪಟಲವನ್ನು ಸುಟ್ಟುಕೊಂಡಿದ್ದ ವಿದ್ಯಾರ್ಥಿಯೊಬ್ಬನ ಕಣ್ಣಿನ ಗಾಯದ ಕಲೆಯನ್ನು ಪರೀಕ್ಷಿಸಿದ ಜರ್ಮನಿಯ ಮೇಯರ್-ಶ್ವಿಕರಾತ್, ಅಪಾಯಕಾರಿಯಾದ ಅದೇ ಬೆಳಕನ್ನು ಚಿಕಿತ್ಸೆಯಾಗಿ ತಿರುಗಿಸಬಹುದೆಂದು ಯೋಚಿಸಿ, ಮೊದಲು ಸೂರ್ಯರಶ್ಮಿಯನ್ನೇ ಕನ್ನಡಿಗಳಿಂದ ಕಣ್ಣಿನೊಳಗೆ ಹಾಯಿಸಿದನು. ಬಳಿಕ ಜೆನಾನ್ ದೀಪವೂ, ತರುವಾಯ ಲೇಸರೂ ಆ ಸ್ಥಾನಕ್ಕೆ ಬಂದವು.

ಇಂದು ಈ ಚಿಕಿತ್ಸೆ ಕೆಲವೇ ನಿಮಿಷಗಳದು. ಪಾಪೆ ಹಿಗ್ಗುವಂತೆಯೂ ಕಣ್ಣು ಮರಗಟ್ಟುವಂತೆಯೂ ಹನಿಗಳನ್ನು ಹಾಕಿ, ಗಲ್ಲವನ್ನು ಯಂತ್ರದ ಆನಿಕೆಯ ಮೇಲೆ ಇರಿಸಿ, ಕಣ್ಣಿಗೆ ಒಂದು ಮಸೂರವನ್ನು ಒತ್ತಿ ಹಿಡಿದು, ವೈದ್ಯರು ಹರಕಿನ ಸುತ್ತ ಎರಡು ಮೂರು ಸಾಲುಗಳಲ್ಲಿ ಲೇಸರ್ ಬಿಂದುಗಳನ್ನು ಇಡುತ್ತಾರೆ. ಪ್ರತಿಯೊಂದು ಬಿಂದುವೂ ಬಿದ್ದ ಕ್ಷಣದಲ್ಲೇ ಮಾಸಲು ಬಿಳುಪಾಗಿ ಕಾಣುತ್ತದೆ. ಇದರಿಂದ ಹರಕು ಕೂಡಿಕೊಳ್ಳುವುದಿಲ್ಲ. ಅದು ಹರಕಾಗಿಯೇ ಉಳಿದು, ಅದರ ಅಂಚಿನ ಪಟಲವು ಕೆಳಗಿನ ಪದರಕ್ಕೆ ಬೆಸೆದುಕೊಂಡು, ದ್ರವಕ್ಕೆ ಮುಂದೆ ಹರಡಲು ದಾರಿಯಿಲ್ಲವಾಗುತ್ತದೆ. ಬೆಸುಗೆ ಬಲಿಯುವುದಕ್ಕೆ ಎರಡು ವಾರವಾದರೂ ಬೇಕು. ರಕ್ತ ಸುರಿದು ಒಳಗು ಕಾಣದಿದ್ದಲ್ಲಿ ಹೊರಗಿನಿಂದಲೇ ಶೈತ್ಯಪ್ರಯೋಗ ಮಾಡುವುದೂ ಉಂಟು.

ಆದರೆ ಕಂಡ ಕಣ್ಣಿಗೆಲ್ಲ ಲೇಸರ್ ಹಾಕುವುದು ವಿವೇಕವಲ್ಲವೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಹೊಸದಾಗಿ ಮಿಂಚುಗಳನ್ನೂ ಕರಿಚುಕ್ಕೆಗಳನ್ನೂ ತೋರಿಸುತ್ತ ಬಂದ ಕುದುರೆಲಾಳದ ಹರಕನ್ನು ಹಾಗೆಯೇ ಬಿಟ್ಟರೆ ಸುಮಾರು ಅರ್ಧದಷ್ಟು ಕಣ್ಣುಗಳಲ್ಲಿ ಪಟಲ ಕಳಚುತ್ತದೆ. ಸಕಾಲದಲ್ಲಿ ಬಂಧಿಸಿದರೆ ನೂರಕ್ಕೆ ಐದಕ್ಕಿಂತ ಕಡಿಮೆ. ಅಲ್ಲಿ ಒಂದು ದಿನದ ವಿಳಂಬವೂ ಸಲ್ಲದು. ಇದಕ್ಕೆ ವ್ಯತಿರಿಕ್ತವಾಗಿ, ಪಟಲದ ಅಂಚು ಜಾಲರಿಯಂತೆ ತೆಳುವಾಗಿರುವ 'ಲ್ಯಾಟಿಸ್' ಎಂಬ ಸ್ಥಿತಿ ನೂರರಲ್ಲಿ ಎಂಟು ಮಂದಿಗೆ ಇದೆ. ಅಮೆರಿಕದ ನಾರ್ಮನ್ ಬೈಯರ್ ಅಂಥ 423 ಕಣ್ಣುಗಳನ್ನು ಚಿಕಿತ್ಸೆಯಿಲ್ಲದೆಯೇ ಸರಾಸರಿ ಹತ್ತು ವರ್ಷಕ್ಕೂ ಮಿಕ್ಕಿ ಗಮನಿಸಿ 1989ರಲ್ಲಿ ವರದಿ ಮಾಡಿದಾಗ, ದೃಷ್ಟಿಗೆ ತೊಡಕಾಗುವಂತೆ ಕಳಚಿದ್ದವು ಮೂರೇ ಮೂರು. ಅಲ್ಲದೆ ಹೊಸ ಹರಕುಗಳು ಅನೇಕ ಸಲ ಆರೋಗ್ಯವಾಗಿ ಕಂಡ ಭಾಗದಲ್ಲೇ ಮೂಡುತ್ತವೆ. ಕನ್ನಡಕ ಬಿಡುವ ಆಸೆಯಿಂದ ತಪಾಸಣೆಗೆ ಹೋದ ತರುಣರಿಗೆ ನಮ್ಮಲ್ಲಿ ಇಂಥ ಭಾಗದ ಸುತ್ತ ಲೇಸರ್ ಬಿಂದುಗಳನ್ನಿಡುವ 'ಬ್ಯಾರೇಜ್ ಲೇಸರ್' ಮಾಡಿಸಿರೆಂಬ ಸಲಹೆ ಬರುವುದುಂಟು. ಆಗ ಹರಕಿದೆಯೋ, ಬರಿಯ ತೆಳುವಿಕೆಯೋ, ಮತ್ತೊಂದು ಕಣ್ಣಿನ ಸ್ಥಿತಿ ಏನು, ವಂಶದಲ್ಲಿ ಯಾರಿಗಾದರೂ ಆಗಿತ್ತೋ ಎಂದು ವಿಚಾರಿಸಿಯೇ ನಿಶ್ಚಯಿಸತಕ್ಕದ್ದು. ಬಾಲ್ಯದಲ್ಲೇ ದೊಡ್ಡ ಹರಕುಗಳಾಗುವ ಸ್ಟಿಕ್ಲರ್ ಎಂಬ ವಂಶಪಾರಂಪರ್ಯ ರೋಗದಲ್ಲಿ ಮಾತ್ರ, ಪಟಲದ ಅಂಚಿನ ಸುತ್ತಲೂ ಮುಂಚಿತವಾಗಿ ಶೈತ್ಯಪ್ರಯೋಗ ಮಾಡಿ ಇಂಗ್ಲೆಂಡಿನ ಕೇಂಬ್ರಿಜ್ ವೈದ್ಯರು ಕಳಚಿಕೆಯನ್ನು ಬಹಳವಾಗಿ ತಗ್ಗಿಸಿದ್ದಾರೆ.

ಲೇಸರ್ ಆದ ಮೇಲೂ ಕಾಚಕರಸದ ಸೆಳೆತ ನಿಲ್ಲುವುದಿಲ್ಲವಾದ ಕಾರಣ, ಬೇರೊಂದೆಡೆ ಹೊಸ ಹರಕು ಆಗಬಹುದು. ಒಮ್ಮೆಗೇ ಕರಿಚುಕ್ಕೆಗಳ ಮಳೆ ಸುರಿದಂತಾದರೆ, ಕತ್ತಲಲ್ಲಿ ಕಣ್ಣಂಚಿನಲ್ಲಿ ಮಿಂಚು ಹೊಳೆದರೆ, ಒಂದು ಬದಿಯಿಂದ ನೆರಳು ಕವಿದುಬಂದರೆ, ಒಂದೊಂದೇ ಕಣ್ಣನ್ನು ಮುಚ್ಚಿ ಯಾವುದರಲ್ಲಿ ಎಂಬುದನ್ನು ಗೊತ್ತುಮಾಡಿಕೊಂಡು ಅದೇ ದಿನ ನೇತ್ರವೈದ್ಯರ ಬಳಿಗೆ ಹೋಗಬೇಕು. ಪಾಪೆ ಹಿಗ್ಗಿಸಿದ ಮೇಲೆ ಕೆಲವು ಗಂಟೆಗಳ ಕಾಲ ನೋಟ ಮಂಜಾಗಿರುವುದರಿಂದ, ತಾವೇ ಗಾಡಿ ಓಡಿಸಿಕೊಂಡು ಹೋಗದೆ, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಮೇಲು.