ಪ್ರೌಢಪ್ರಬಂಧ ಮತ್ತು ಮಾರ್ಗದರ್ಶನ: ಮಾನವ ಸಂಪನ್ಮೂಲ ನಿರ್ವಹಣೆಯ ವಿದ್ಯಾರ್ಥಿಗಳಿಗೆ

ಸ್ನಾತಕೋತ್ತರ ವ್ಯಾಸಂಗದ ಕೊನೆಯ ಹಂತದಲ್ಲಿ ವಿದ್ಯಾರ್ಥಿಯು ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಒಂದು ವಿಷಯವನ್ನು ತಾನೇ ಶೋಧಿಸಿ ಬರೆದೊಪ್ಪಿಸುವ ಬರಹಕ್ಕೆ ಪ್ರೌಢಪ್ರಬಂಧವೆಂದು ಹೆಸರು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳ ಮಕ್ಕಳು ಹಿಂದೆ ಉನ್ನತ ವ್ಯಾಸಂಗಕ್ಕೆ ಧಾರವಾಡದತ್ತ ಮುಖಮಾಡುತ್ತಿದ್ದರು. 2011ರಲ್ಲಿ ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೇ ಸ್ಥಾಪಿತವಾಯಿತು. ಹೀಗಿರುವಾಗ ಸಂಶೋಧನೆಯ ಸ್ವರೂಪವನ್ನು ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅರಿತಿರುವುದು ಉಚಿತವಾಗಿದೆ.

ಈ ಶಾಸ್ತ್ರವು ನಮ್ಮಲ್ಲಿ ಕಾರ್ಮಿಕ ಕಲ್ಯಾಣದ ರೂಪದಲ್ಲಿ ಬೇರೂರಿತು. 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿಯನ್ನು ನೇಮಿಸಬೇಕೆಂದು 1948ರ ಕಾರ್ಖಾನೆ ಕಾಯಿದೆಯು ವಿಧಿಸಿತ್ತು. ಅಮೇರಿಕೆಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳು ಇದಕ್ಕೆ ಇನ್ನೊಂದು ದೃಷ್ಟಿಯನ್ನು ಕೊಟ್ಟವು. ಅಲ್ಲಿ ಸುಮಾರು 20 ಸಾವಿರ ನೌಕರರ ಸಂದರ್ಶನ ನಡೆಯಿತು. ಮೊದಲು ಸಿದ್ಧ ಪ್ರಶ್ನೆಗಳನ್ನು ಕೇಳುತ್ತಿದ್ದ ಸಂಶೋಧಕರು, ನೌಕರನು ತನ್ನ ಮನಸ್ಸಿನಲ್ಲಿದ್ದುದನ್ನೇ ಹೇಳಬಯಸುತ್ತಾನೆಂಬುದನ್ನು ಕಂಡು, ಅವನ ಮಾತನ್ನು ತಡೆಯದೆ ಆಲಿಸುವ ಕ್ರಮವನ್ನು ಕೈಕೊಂಡರು. ಆಲಿಸುವುದೇ ಈ ಶಾಸ್ತ್ರದ ಮೊದಲ ಪಾಠ.

ವಿಷಯಕ್ಕಾಗಿ ದೂರ ಹೋಗಬೇಕಾಗಿಲ್ಲ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಹತ್ತಿಯ ಸಂಕರ ತಳಿಯನ್ನು ನೀಡಿದರು. ಸಂಕರ ಬೀಜೋತ್ಪಾದನೆಯಲ್ಲಿ ಸಂಜೆ ಮೊಗ್ಗಿನ ಕೇಸರಗಳನ್ನು ತೆಗೆದು, ಮರುದಿನ ಬೆಳಿಗ್ಗೆ ಪರಾಗ ಸೋಂಕಿಸಬೇಕು. ಇದೆಲ್ಲವೂ ಕೈಕೆಲಸ, ಒಂದು ದಿನ ಆಳು ತಪ್ಪಿದರೆ ಆ ದಿನದ ಹೂವು ವ್ಯರ್ಥ. ಈ ಹಂಗಾಮಿನಲ್ಲಿ ದುಡಿದ ಹೆಣ್ಣುಮಕ್ಕಳು ಮರುವರ್ಷ ಅದೇ ಹೊಲಕ್ಕೆ ಬರುವರೇ? ಬಾರದಿದ್ದರೆ ಕಾರಣ ಕೂಲಿಯೋ, ದೂರವೋ, ನಡತೆಯೋ? ಇದು ಪ್ರಬಂಧಕ್ಕೆ ಯೋಗ್ಯವಾದ ಪ್ರಶ್ನೆ.

ಪ್ರಶ್ನೆ ನಿಶ್ಚಿತವಾದ ಮೇಲೆ ಎಷ್ಟು ಜನರನ್ನು ಕೇಳಬೇಕೆಂಬುದು ಬರುತ್ತದೆ. ಒಂದು ಬಸ್ ಘಟಕದಲ್ಲಿ 400 ನೌಕರರಿರುವರೆಂದು ಊಹಿಸೋಣ. ತಾರೋ ಯಾಮಾನೆಯವರ ಸೂತ್ರದಂತೆ ಶೇಕಡಾ 5ರ ದೋಷಮಿತಿಯಿಟ್ಟರೆ, 0.05ರ ವರ್ಗವಾದ 0.0025ರಿಂದ 400ನ್ನು ಗುಣಿಸಿದಾಗ 1 ಬರುತ್ತದೆ. ಅದಕ್ಕೆ 1 ಕೂಡಿಸಿ, ಬಂದ 2ರಿಂದ 400ನ್ನು ಭಾಗಿಸಿದರೆ 200. ಅವರಲ್ಲಿ ಚಾಲಕರು 160, ನಿರ್ವಾಹಕರು 160, ಮೆಕ್ಯಾನಿಕರು 60, ಗುಮಾಸ್ತರು 20 ಇದ್ದರೆ, ಕ್ರಮವಾಗಿ 80, 80, 30, 10 ಜನರನ್ನು ಚೀಟಿಯೆತ್ತಿ ಆರಿಸಬೇಕು. ಪರಿಚಿತರನ್ನಷ್ಟೇ ಕೇಳಿ ಬಂದರೆ ಅದು ಸಂಶೋಧನೆಯೆನಿಸದು.

ಪ್ರಬಂಧವು ಇಂಗ್ಲಿಷಿನಲ್ಲಿದ್ದರೂ ಪ್ರಶ್ನೆಗಳು ನೌಕರನ ಕನ್ನಡದಲ್ಲಿರಬೇಕು. ಕನ್ನಡಕ್ಕೆ ತಂದುದನ್ನು ಬೇರೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿದರೆ ಅರ್ಥ ಜಾರಿದ ಸ್ಥಳಗಳು ತಿಳಿಯುತ್ತವೆ.

ಇಲ್ಲಿಯೇ ಗುರುವಿನ ಹೊಣೆ ಹಿರಿದಾಗುತ್ತದೆ. ನಗರದಲ್ಲಿ ಹೆಸರು ಬಿಟ್ಟರೆ ಸಾಕಾದೀತು. ನಮ್ಮ ತಾಲೂಕಿನ ಊರುಗಳಲ್ಲಿ ‘ನಲವತ್ತೈದು ವರ್ಷದ ಮಹಿಳಾ ಗುಮಾಸ್ತೆ’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತು. ವಿಶ್ವಾಸದಿಂದ ನುಡಿದ ಮಾತು ಮೇಲಧಿಕಾರಿಗೆ ತಲುಪಿದರೆ ಆಕೆಯ ಅನ್ನಕ್ಕೆ ಕುತ್ತು. ಆದ್ದರಿಂದ ಸಣ್ಣ ಗುಂಪುಗಳನ್ನು ಕೂಡಿಸಿ ಬರೆಯುವುದನ್ನೂ, ತುಂಬಿದ ಪ್ರಶ್ನಾವಳಿಗಳನ್ನು ಭದ್ರವಾಗಿಡುವುದನ್ನೂ ಮಾರ್ಗದರ್ಶಕರು ಕಲಿಸಬೇಕು.

ಕೃತಿಚೌರ್ಯವೂ ಅಷ್ಟೇ ಗಂಭೀರವಾದುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳಂತೆ ಹೋಲಿಕೆಯು ಶೇಕಡಾ 10ನ್ನು ಮೀರಿ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಅಧ್ಯಾಯವೊಂದು ಮುಗಿದೊಡನೆ ಓದಿ ತಿದ್ದುವ ಗುರುವಿದ್ದರೆ ಶಿಷ್ಯನಿಗೆ ಈ ಗತಿ ಬಾರದು. ಕೊನೆಯ ವಾರದಲ್ಲಿ ಸಹಿಯನ್ನಷ್ಟೇ ಹಾಕುವುದು ಮಾರ್ಗದರ್ಶನವಲ್ಲ.

ಅಕ್ಕಿಯ ಗಿರಣಿ, ಸಹಕಾರಿ ಸಂಘ, ಅಂಗಡಿ, ಆಸ್ಪತ್ರೆಗಳನ್ನು ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇಂಥ ವಿದ್ಯಾರ್ಥಿಗೆ ಬಾಗಿಲು ತೆರೆಯಬೇಕು. ಅವನು ಕಂಡುದು ಕಹಿಯಾಗಿದ್ದರೂ ಓದಬೇಕು. ಕಾಯಕವನ್ನು ಗೌರವಿಸುವ ಈ ನಾಡಿನಲ್ಲಿ ಕಾಯಕ ಮಾಡುವವರ ಮಾತನ್ನು ಕೇಳಿ ಬರೆದಿಡುವುದೂ ಒಂದು ಕಾಯಕವೇ ಸರಿ.