ಗರ್ಭ ನಿಲ್ಲದಿದ್ದರೆ ಪರೀಕ್ಷೆ ಇಬ್ಬರಿಗೂ ಆಗಲಿ

ಆಸ್ಪತ್ರೆಯ ಚೀಟಿಯಲ್ಲಿ 'ಜಿ3 ಪಿ0 ಎ2' ಎಂದು ಬರೆದಿದ್ದರೆ, ಮೂರನೇ ಬಾರಿ ಗರ್ಭಿಣಿ, ಹೆರಿಗೆ ಒಂದೂ ಆಗಿಲ್ಲ, ಎರಡು ಸಲ ಗರ್ಭಪಾತವಾಗಿದೆ ಎಂದರ್ಥ. ಚನ್ನಗಿರಿಯ ಅಡಿಕೆ ತೋಟದ ಮನೆಯಿರಲಿ, ಜಗಳೂರಿನ ಮಳೆಯಾಶ್ರಿತ ಹೊಲದ ಊರಿರಲಿ, ಹೊನ್ನಾಳಿ, ನ್ಯಾಮತಿಯ ಹಳ್ಳಿಯಿರಲಿ, ಆಗ ಏಳುವ ಮಾತು ಒಂದೇ: 'ಸೊಸೆಗೆ ಗರ್ಭ ನಿಲ್ತಿಲ್ಲ.' ಪಪ್ಪಾಯಿ ತಿಂದಳು, ಕೊಡ ಎತ್ತಿದಳು ಎಂದು ತಪ್ಪೆಲ್ಲ ಅವಳ ತಲೆಗೇ.

ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಏರುಪೇರೇ ಕಾರಣ. ಬಹುಪಾಲು ಅದು ಆಕಸ್ಮಿಕ. ಆದರೆ ಪದೇ ಪದೇ ಗರ್ಭ ಕಳೆದುಕೊಂಡ 100 ದಂಪತಿಗಳಲ್ಲಿ 3ರಿಂದ 5 ಜೋಡಿಗಳಲ್ಲಿ, ಗಂಡನದೋ ಹೆಂಡತಿಯದೋ ಎರಡು ವರ್ಣತಂತುಗಳ ತುಂಡುಗಳು ಪರಸ್ಪರ ಜಾಗ ಬದಲಿಸಿರುತ್ತವೆ. ಏನೂ ಕಳೆದಿಲ್ಲವಾದ್ದರಿಂದ ಅವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಅಂಡಕ್ಕೋ ವೀರ್ಯಾಣುವಿಗೋ ಪಾಲಾಗುವಾಗ ಒಂದು ತುಂಡು ಹೆಚ್ಚಿ ಇನ್ನೊಂದು ಕಡಿಮೆಯಾದರೆ ಭ್ರೂಣ ಹೆಚ್ಚಾಗಿ ಉಳಿಯದು.

ಇದನ್ನು ತಿಳಿಯಲು ಕ್ಯಾರಿಯೋಟೈಪ್ ಪರೀಕ್ಷೆಯಿದೆ. ಹೆಪರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿನಲ್ಲಿ ಇಬ್ಬರ ರಕ್ತವನ್ನೂ ತೆಗೆದು, ಕಣಗಳನ್ನು ಸುಮಾರು ಮೂರು ದಿನ ಬೆಳೆಸಿ, 46 ವರ್ಣತಂತುಗಳನ್ನು ಜೋಡಿ ಜೋಡಿಯಾಗಿ ಹೊಂದಿಸಿ ನೋಡುತ್ತಾರೆ. ಕಳೆದ ಗರ್ಭದ ಅಂಗಾಂಶವನ್ನೂ ಹೀಗೆ ಪರೀಕ್ಷಿಸಬಹುದು. ಅದನ್ನು ಫಾರ್ಮಾಲಿನ್‌ಗೆ ಹಾಕಿದರೆ ಕಣ ಬೆಳೆಯದು, ಸಲೈನ್‌ನಲ್ಲೇ ಕಳಿಸಬೇಕು. ದೋಷ ಕಂಡರೂ ಆಸೆ ಬಿಡಬೇಕಿಲ್ಲ. ಇಂಥ ದಂಪತಿಗಳಲ್ಲಿ ಹೆಚ್ಚಿನವರು ಮುಂದೆ ಆರೋಗ್ಯವಂತ ಮಗು ಪಡೆಯುತ್ತಾರೆ. ಬೇಕೆಂದವರಿಗೆ ಐವಿಎಫ್ ಮೂಲಕ ಭ್ರೂಣ ಪರೀಕ್ಷಿಸುವ ದಾರಿಯೂ ಇದೆ.

ಗರ್ಭಪಾತಕ್ಕೆ ಇನ್ನೊಂದು ಕಾರಣವಿರಬಹುದೆಂಬ ಶಂಕೆಯೂ ಇದೆ: ರಕ್ತ ಬೇಗ ಹೆಪ್ಪುಗಟ್ಟುವ ಗುಣ ಕೆಲವರಿಗೆ ವಂಶದಿಂದ ಬರುತ್ತದೆ. ಇವರಿಗೆ ದಿನವೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಇಂಜೆಕ್ಷನ್ ಕೊಟ್ಟರೆ ಗರ್ಭ ಉಳಿಯುತ್ತದೆಯೇ? ಎರಡು ಅಥವಾ ಹೆಚ್ಚು ಗರ್ಭಪಾತವಾಗಿದ್ದ ಇಂಥ 326 ಮಹಿಳೆಯರ ಮೇಲೆ ನಡೆದು, 2023ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚುಚ್ಚಿಸಿಕೊಂಡವರಲ್ಲೂ ಚುಚ್ಚಿಸಿಕೊಳ್ಳದವರಲ್ಲೂ ಶೇ 71ರ ಆಸುಪಾಸು ಹೆರಿಗೆಯಾಯಿತು. ಆದರೆ ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ವಂಶದಿಂದ ಬಂದ ಗುಣವಲ್ಲ, ಬೇರೆಯೇ ಕಾಯಿಲೆ; ಅದಕ್ಕೆ ಆಸ್ಪಿರಿನ್, ಹೆಪರಿನ್ ನೆರವಾಗುತ್ತವೆ. ಆದ್ದರಿಂದ ವೈದ್ಯರನ್ನು ಕೇಳದೆ ಚುಚ್ಚುಮದ್ದು ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಎರಡು ಸಲ ಗರ್ಭ ಹೋದ ಮೇಲೆ ಮೂರನೆಯದಕ್ಕೆ ಕಾಯಬೇಡಿ. ಹಳೆಯ ಚೀಟಿ, ಸ್ಕ್ಯಾನಿಂಗ್ ವರದಿಗಳನ್ನೆಲ್ಲ ಜೋಡಿಸಿಕೊಂಡು ತಾಲ್ಲೂಕು ಆಸ್ಪತ್ರೆಗೋ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹೋಗಿ. ಥೈರಾಯ್ಡ್, ಸಕ್ಕರೆ, ಗರ್ಭಕೋಶದ ತಪಾಸಣೆಯೂ ಆಗಲಿ. ಸೋದರಮಾವ, ಅತ್ತೆ ಮಗ ಎಂದು ಸಂಬಂಧದಲ್ಲೇ ಮದುವೆಯಾಗಿದ್ದರೆ ಮುಚ್ಚಿಡದೆ ಹೇಳಿ. ಗಂಡನೂ ಜೊತೆಗೆ ಹೋಗಿ ರಕ್ತ ಕೊಡಲಿ. ಹೆಂಡತಿಯೊಬ್ಬಳನ್ನೇ ಪರೀಕ್ಷಿಸಿದರೆ ಅರ್ಧ ಕಾರಣ ಹುಡುಕಿದಂತೆ ಅಷ್ಟೇ.