ಎರಡರಲ್ಲಿ ಒಂದು ನಿಂತರೆ?

ಜೋಡೆತ್ತಿನ ಗಾಡಿ ಏರುದಾರಿಯಲ್ಲಿ ಸಾಗುತ್ತಿರುವಾಗ ಒಂದು ಎತ್ತು ಕುಸಿದರೆ ಏನಾಗುವುದೆಂದು ಹಳ್ಳಿಯಲ್ಲಿ ಬೆಳೆದ ಓದುಗರಿಗೆ ವಿವರಿಸಬೇಕಾಗಿಲ್ಲ. ಗಾಡಿಯ ವೇಗ ಅರ್ಧವಾಗುವುದಿಲ್ಲ, ಗಾಡಿಯೇ ನಿಂತುಬಿಡುತ್ತದೆ. ಉಳಿದ ಎತ್ತು ಎಳೆದಷ್ಟೂ ನೊಗ ಓರೆಯಾಗುತ್ತದೆ. ಎರಡು ಎಂಜಿನ್ನುಗಳ ಸಣ್ಣ ವಿಮಾನದ ಸಂಗತಿಯೂ ಇದಕ್ಕೆ ತೀರ ದೂರವಾದುದಲ್ಲ. ಒಂದು ಕೆಟ್ಟರೆ ಇನ್ನೊಂದಿದೆಯೆಂಬ ಧೈರ್ಯದಿಂದ ಜನರು ಇಂಥ ವಿಮಾನವನ್ನು ಕೊಳ್ಳುತ್ತಾರೆ. ಆ ಧೈರ್ಯಕ್ಕೆ ಎಷ್ಟು ಆಧಾರವಿದೆಯೆಂಬುದನ್ನು ಲೆಕ್ಕ ಮಾಡಿ ನೋಡೋಣ.

ಅಮೆರಿಕದ ಪೈಪರ್ ಕಂಪೆನಿಯು 1954ರಲ್ಲಿ ಅಪಾಚೆ ಎಂಬ ವಿಮಾನವನ್ನು ಮಾರಾಟಕ್ಕೆ ತಂದಿತು. ಅದಕ್ಕೆ ರೆಕ್ಕೆಗೊಂದರಂತೆ 150 ಅಶ್ವಶಕ್ತಿಯ ಎರಡು ಲೈಕಮಿಂಗ್ ಎಂಜಿನ್ನುಗಳಿದ್ದವು. ಪೂರ್ಣ ಭಾರ ಸುಮಾರು 1600 ಕಿಲೋಗ್ರಾಂ. ಎಂಜಿನ್ನಿನ ಶಕ್ತಿಯೆಲ್ಲವೂ ವಿಮಾನಕ್ಕೆ ಸಲ್ಲುವುದಿಲ್ಲ. ಪ್ರೊಪೆಲ್ಲರು ಗಾಳಿಯನ್ನು ಕಡೆಯುವಾಗ ಒಂದು ಪಾಲು ವ್ಯರ್ಥವಾಗುತ್ತದೆ. ಆದುದರಿಂದ ಪ್ರತಿಯೊಂದು ಎಂಜಿನ್ನಿನಿಂದ 110 ಅಶ್ವಶಕ್ತಿ ಉಪಯೋಗಕ್ಕೆ ಬರುವುದೆಂದೂ, ಎತ್ತರ ಕಳೆದುಕೊಳ್ಳದೆ ಹಾರುವುದಕ್ಕೆ 90 ಅಶ್ವಶಕ್ತಿ ಬೇಕೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎರಡೂ ಎಂಜಿನ್ನುಗಳು ನಡೆಯುತ್ತಿರುವಾಗ ದೊರೆಯುವುದು 220, ಖರ್ಚು 90, ಉಳಿತಾಯ 130. ವಿಮಾನವನ್ನು ಮೇಲಕ್ಕೆತ್ತುವುದು ಈ ಉಳಿತಾಯವೇ. ಇದರಿಂದ ವಿಮಾನ ನಿಮಿಷಕ್ಕೆ ಸುಮಾರು 370 ಮೀಟರು ಏರಬಲ್ಲದು.

ಈಗ ಒಂದು ಎಂಜಿನ್ನು ನಿಂತಿತೆನ್ನಿ. ದೊರೆಯುವುದು 110, ಖರ್ಚು ಮಾತ್ರ ಹಿಂದಿನಂತೆಯೇ 90. ಉಳಿತಾಯ ಬರಿಯ 20! ನಷ್ಟವಾದ ಶಕ್ತಿ ಅರ್ಧ. ನಷ್ಟವಾದ ಏರುವ ಸಾಮರ್ಥ್ಯ ನೂರಕ್ಕೆ 85. ಏರುವ ವೇಗ ನಿಮಿಷಕ್ಕೆ 57 ಮೀಟರಿಗೆ ಇಳಿಯುತ್ತದೆ. ಸುಮ್ಮನೆ ನಿಂತ ಪ್ರೊಪೆಲ್ಲರು ಗಾಳಿಗೆ ಒಡ್ಡುವ ತಡೆಯನ್ನು ಸೇರಿಸಿದರೆ ಇದೂ ಉಳಿಯದು.

ಸಮುದ್ರಮಟ್ಟದಲ್ಲಿಯೇ ಹೀಗಾದರೆ ಎತ್ತರದ ಊರುಗಳಲ್ಲಿ ಹೇಗೆ? ಅಮೆರಿಕದ ಡೆನ್ವರ್ ನಗರ ಸಮುದ್ರಮಟ್ಟದಿಂದ 1600 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಸುಮಾರು 15ರಷ್ಟು ಕಡಿಮೆ. ಗಾಳಿ ಕಡಿಮೆಯಾದಂತೆ ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲೂ ಕಡಿಮೆ. ನಮ್ಮ 110 ಅಶ್ವಶಕ್ತಿ ಸುಮಾರು 91ಕ್ಕೆ ಇಳಿಯುತ್ತದೆ. ತೆಳುವಾದ ಗಾಳಿಯಲ್ಲಿ ಹಾರಲು ಬೇಕಾದ ಶಕ್ತಿಯಾದರೋ 97ಕ್ಕೆ ಏರುತ್ತದೆ. ಇಲ್ಲಿ ಎರಡನೆಯ ಎಂಜಿನ್ನು ವಿಮಾನವನ್ನು ಮೇಲೆತ್ತಲಾರದು. ಇಳಿಯುವುದನ್ನು ತುಸು ನಿಧಾನಗೊಳಿಸಬಲ್ಲದು, ಅಷ್ಟೆ.

ಈ ಕೊರತೆಯನ್ನು ತುಂಬುವುದಕ್ಕಾಗಿ ಹಳೆಯ ವಿಮಾನಗಳನ್ನು ಮಾರ್ಪಡಿಸುವ ಉದ್ಯೋಗವೊಂದು ಅಮೆರಿಕದಲ್ಲಿ ಬೆಳೆಯಿತು. ಅಪಾಚೆಯ ಮಾರ್ಪಾಟುಗಳಲ್ಲಿ ಹೆಸರಾದುದು ‘ಜೆರೋನಿಮೊ’. ಅಪಾಚೆ ಎಂಬುದು ಅಮೆರಿಕದ ಮೂಲನಿವಾಸಿಗಳ ಒಂದು ಪಂಗಡದ ಹೆಸರು. ಜೆರೋನಿಮೊ ಆ ಪಂಗಡದ ಪ್ರಸಿದ್ಧ ನಾಯಕ. ಈ ಮಾರ್ಪಾಟಿನಲ್ಲಿ 150 ಅಶ್ವಶಕ್ತಿಯ ಎಂಜಿನ್ನುಗಳ ಬದಲು 180ರವನ್ನು ಕೂಡಿಸುತ್ತಾರೆ. ಎರಡೂ ಒಂದೇ ಕುಟುಂಬದ ನಾಲ್ಕು ಸಿಲಿಂಡರಿನ ಎಂಜಿನ್ನುಗಳು; ಸಿಲಿಂಡರಿನ ವ್ಯಾಸವೂ ಒಂದೇ. ದೊಡ್ಡದರಲ್ಲಿ ಪಿಸ್ಟನ್ನು ಹೆಚ್ಚು ದೂರ ಓಡಾಡುವುದರಿಂದ ಒಟ್ಟು ಗಾತ್ರ 5.2 ಲೀಟರಿನಿಂದ 5.9 ಲೀಟರಿಗೆ ಹೆಚ್ಚುತ್ತದೆ.

ಶಕ್ತಿ ಹೆಚ್ಚಿದುದು ನೂರಕ್ಕೆ 20 ಮಾತ್ರ. ಆದರೆ ಒಂಟಿ ಎಂಜಿನ್ನಿನ ಲೆಕ್ಕವನ್ನು ಮತ್ತೆ ಮಾಡಿ ನೋಡಿ: ದೊರೆಯುವುದು 132, ಖರ್ಚು 90, ಉಳಿತಾಯ 42. ಹಿಂದಿನ ಎರಡರಷ್ಟಕ್ಕಿಂತಲೂ ಹೆಚ್ಚು! ಡೆನ್ವರಿನಲ್ಲಿಯೂ ಅಲ್ಪ ಉಳಿತಾಯವಿದೆ.

ಎಂಜಿನ್ನು ಬದಲಾಯಿಸಿದರೆ ಕೆಲಸ ಮುಗಿಯಿತೇ? ಇಲ್ಲ. ಒಂದೇ ಬದಿಯ ಎಂಜಿನ್ನು ಎಳೆಯುವಾಗ ವಿಮಾನದ ಮೂತಿ ನಿಂತ ಎಂಜಿನ್ನಿನ ಕಡೆಗೆ ತಿರುಗುತ್ತದೆ. ಅದನ್ನು ತಡೆಯುವುದು ಬಾಲದ ಚುಕ್ಕಾಣಿ. ವೇಗ ಕಡಿಮೆಯಾದರೆ ಚುಕ್ಕಾಣಿಗೆ ತಗಲುವ ಗಾಳಿಯ ಬಲ ಸಾಲದೆ ವಿಮಾನ ಪಕ್ಕಕ್ಕೆ ತಿರುಗಿ ಉರುಳಬಹುದು. ಎಂಜಿನ್ನು ಬಲವಾದಷ್ಟೂ ಈ ಅಪಾಯ ಹೆಚ್ಚು. ಆದುದರಿಂದ ಜೆರೋನಿಮೊದಲ್ಲಿ ಬಾಲದ ಆಕಾರವನ್ನೂ ತಿದ್ದಿದ್ದಾರೆ. ಮೂತಿಯನ್ನು ಉದ್ದ ಮಾಡಿ, ರೆಕ್ಕೆಯ ತುದಿಗಳನ್ನು ಬದಲಾಯಿಸಿ, ಚಕ್ರಗಳಿಗೆ ಮುಚ್ಚಳಗಳನ್ನು ಕೂಡಿಸುತ್ತಾರೆ. ಇವು ಅಂದಕ್ಕಾಗಿ ಮಾತ್ರವೆಂದು ತಿಳಿಯಬಾರದು. ವೇಗದ ಹಾರಾಟದಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕನುಗುಣವಾಗಿ ಏರುವುದರಿಂದ, ನೂರಕ್ಕೆ 20ರಷ್ಟು ಹೆಚ್ಚಿನ ಶಕ್ತಿ ವೇಗವನ್ನು ನೂರಕ್ಕೆ 6ರಷ್ಟು ಮಾತ್ರ ಹೆಚ್ಚಿಸುತ್ತದೆ. ಗಾಳಿಯ ತಡೆಯನ್ನು ತಗ್ಗಿಸಿದರೆ ವೇಗವೂ ಹೆಚ್ಚು, ಆಪತ್ಕಾಲದ ಖರ್ಚೂ ಕಡಿಮೆ.

ಇಂಥ ಬದಲಾವಣೆಗಳನ್ನು ಮನಬಂದಂತೆ ಮಾಡುವಂತಿಲ್ಲ. ಬದಲಾದ ವಿಮಾನ ಸುರಕ್ಷಿತವೆಂದು ಲೆಕ್ಕದಿಂದಲೂ ಪರೀಕ್ಷೆಗಳಿಂದಲೂ ತೋರಿಸಿ, ಅಮೆರಿಕದ ವಾಯುಯಾನ ಆಡಳಿತದಿಂದ ಪೂರಕ ಪ್ರಮಾಣಪತ್ರವನ್ನು ಪಡೆಯಬೇಕು.

ಇಷ್ಟಾದರೂ ಭೌತಶಾಸ್ತ್ರದ ಲೆಕ್ಕ ತಪ್ಪುವುದಿಲ್ಲ. ಉಳಿತಾಯವಾದ ಶಕ್ತಿಯನ್ನು ನೆಚ್ಚಿ ಹೆಚ್ಚು ಸಾಮಾನು ಹೇರಿದರೆ ಆ ಉಳಿತಾಯವೇ ಕರಗುತ್ತದೆ. ಎರಡು ಎಂಜಿನ್ನುಗಳ ವಿಮಾನ ಎಷ್ಟು ಕ್ಷೇಮವೆಂದು ಕೇಳುವವರು ಎಂಜಿನ್ನುಗಳನ್ನು ಎಣಿಸಿದರೆ ಸಾಲದು. ಒಂದು ನಿಂತ ಮೇಲೆ, ಅಂದಿನ ಭಾರಕ್ಕೆ, ಆ ಊರಿನ ಎತ್ತರದಲ್ಲಿ ಎಷ್ಟು ಅಶ್ವಶಕ್ತಿ ಉಳಿಯುವುದೆಂದು ನೆಲ ಬಿಡುವ ಮುನ್ನವೇ ಎಣಿಸಬೇಕು.